ಆಸ್ಪತ್ರೆಯ ಗೇಟು ದಾಟದ ಕೋವಿ

ನಾನು ಒಂದು ಒಂಟಿನಳಿಗೆ ಕೋವಿ. ಕಾರ್ಖಾನೆಯ ಬೆಂಕಿಯಲ್ಲಿ ಕಾದು, ಸುತ್ತಿಗೆಯ ಏಟು ತಿಂದು, ಮರದ ಹಿಡಿ ತೊಟ್ಟು ಹೊರಬಿದ್ದಾಗ ‘ಇನ್ಮೇಲೆ ಎಂಟ್ರಿ ಅಂದ್ರೆ ನಮ್ದೇ’ ಎಂದುಕೊಂಡಿದ್ದೆ. ಎಲ್ಲಿಯ ಎಂಟ್ರಿ! ಅಂಗಡಿಯ ಕಪಾಟಿನಲ್ಲಿ ನನಗೆ ಅಭಿಮಾನಿಗಳೆಂದರೆ ನೊಣಗಳು ಮಾತ್ರ.

ಕೊನೆಗೆ ಗೋಣಿಕೊಪ್ಪದ ಕಡೆಯ ಚೆಂಗಪ್ಪನವರು ನನ್ನನ್ನು ಕೊಂಡರು. ಅವರ ನಂತರ ಮಗ ಮುದ್ದಯ್ಯನ ಕೈಗೆ ಬಂದೆ. ಕೊಡವರ ಮನೆಯಲ್ಲಿ ಕೋವಿಗೆ ರಾಜಮರ್ಯಾದೆ. ಲೈಸೆನ್ಸ್ ಬೇಡವೆಂದು ಸರ್ಕಾರವೇ ವಿನಾಯಿತಿ ಕೊಟ್ಟಿದೆ. ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುತ್ತಾರೆ. ಮನೆಯಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು.

ಮುದ್ದಯ್ಯನ ಮಗಳು ದೇಚಮ್ಮ ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. “ಅಪ್ಪ, ನಾನು ಹುಟ್ಟಿದಾಗ ಯಾಕೆ ಹೊಡೀಲಿಲ್ಲ?” ಮುದ್ದಯ್ಯ ಅವಳನ್ನು ಎತ್ತಿಕೊಂಡ. “ನಿನ್ನ ಮಗು ಹುಟ್ಲಿ. ಹೆಣ್ಣಾದ್ರೂ ಹೊಡೀತೀನಿ. ನಿನ್ನ ಕಿವಿಗೇ ಕೇಳಿಸ್ತೀನಿ” ಎಂದು ಮಾತು ಕೊಟ್ಟ.

ವರ್ಷಗಳ ನಂತರ ದೇಚಮ್ಮನಿಗೆ ಹೆರಿಗೆ ನೋವು ಶುರುವಾದ ದಿನ, ಮುದ್ದಯ್ಯ ನನ್ನನ್ನು ಹೆಗಲಿಗೇರಿಸಿಕೊಂಡು ಅವಳನ್ನು ಸೇರಿಸಿದ್ದ ಖಾಸಗಿ ಆಸ್ಪತ್ರೆಯ ಗೇಟಿಗೆ ನಡೆದ. ಸ್ಲೋ ಮೋಷನ್ ಒಂದೇ ಬಾಕಿ. ಅಷ್ಟರಲ್ಲಿ ಸೆಕ್ಯುರಿಟಿಯ ಜಾನಕಿ ಕೈ ಅಡ್ಡ ಹಿಡಿದಳು. ಪಕ್ಕದಲ್ಲೇ ಬೋರ್ಡು: ಆಯುಧಗಳಿಗೆ ಪ್ರವೇಶವಿಲ್ಲ.

“ಅಂಕಲ್, ಕೋವಿ ಒಳಗೆ ತರೋ ಹಾಗಿಲ್ಲ.”

“ಇದಕ್ಕೆ ಲೈಸೆನ್ಸೇ ಬೇಡಮ್ಮ.”

“ನಾನು ಲೈಸೆನ್ಸ್ ಕೇಳ್ಲೇ ಇಲ್ವಲ್ಲ.”

“ಗುಂಡು ಹಾಕಿಲ್ಲ. ಖಾಲಿ.”

“ಅದು ನಿಮಗೆ ಗೊತ್ತು. ಹೊಲಿಗೆ ಹಾಕಿಸ್ಕೊಂಡು ಮಲಗಿರೋ ಬಾಣಂತಿಗೆ ಹೇಗೆ ಗೊತ್ತಾಗ್ಬೇಕು?”

ಎತ್ತರದಲ್ಲಿ ಅವಳು ಮುದ್ದಯ್ಯನ ಎದೆಗೂ ಬರುತ್ತಿರಲಿಲ್ಲ, ಕೈಯಲ್ಲೊಂದು ಲಾಠಿಯೂ ಇಲ್ಲ. ಆದರೂ ಒಂದಿಂಚು ಹಿಂದೆ ಸರಿಯಲಿಲ್ಲ. ಮೊದಲು ನನಗೆ ಉರಿದುಹೋಯಿತು. ಆಮೇಲೆ ಮನಸ್ಸಿನಲ್ಲೇ ಒಂದು ಶಿಳ್ಳೆ ಹೊಡೆದೆ. ಆ ಸೀನಿನ ಹೀರೋ ನಾನಲ್ಲ, ಅವಳು.

ಮುದ್ದಯ್ಯ ದನಿ ಏರಿಸಿದ. “ಸರ್ಕಾರವೇ ಬಿಟ್ಟಿರೋವಾಗ ಇವರದ್ದೆಂತ?”

ಜೀಪಿನಿಂದ ಇಳಿದು ಬಂದ ಅವನ ಹೆಂಡತಿ ಬೊಳ್ಳವ್ವ ಹೇಳಿದಳು. “ಸರ್ಕಾರ ಊರಲ್ಲಿ ಬಿಟ್ಟಿದೆ. ಈ ಗೇಟು ಇವರದ್ದು. ಚಪ್ಪಲಿ ಹಾಕ್ಕೊಂಡು ನನ್ನ ಅಡುಗೆಮನೆಗೆ ಬಂದ್ರೆ ನಾನು ಬಿಡ್ತೀನಾ? ಅಲ್ಲಿ ಮಗಳು ನರಳ್ತಾ ಇದ್ದಾಳೆ, ಇಲ್ಲಿ ನಿಮ್ಮದು ಕಾನೂನು ಪಾಠ. ಕೋವಿ ಕೊಡಿ, ನಾನು ಮನೇಲಿ ಹೊಡೀತೀನಿ. ನೀವು ಫೋನ್ ಅವಳ ಕಿವಿಗೆ ಹಿಡೀರಿ.”

“ನೀನು ಹೊಡೀತೀಯಾ?”

“ಹೋದ ಹಬ್ಬದಲ್ಲಿ ಮರದ ತುದೀಲಿ ಕಟ್ಟಿದ್ದ ತೆಂಗಿನಕಾಯಿಗೆ ಗುರಿಯಿಟ್ಟು ಉರುಳಿಸಿದ್ದು ಯಾರು? ನೀವು ಹೊಡೆದಿದ್ದು ಎಲೆಗೆ.”

ಜಾನಕಿ ಮುಖ ತಿರುಗಿಸಿ ನಕ್ಕಳು. ಮುದ್ದಯ್ಯ ಬರಿಗೈಯಲ್ಲಿ ಒಳಗೆ ಹೋದ.

ಬೊಳ್ಳವ್ವ ಜೀಪು ಓಡಿಸಿದ ರಭಸಕ್ಕೆ ನನಗೇ ಹೆದರಿಕೆಯಾಯಿತು. ಮನೆ ತಲುಪಿ, ಫೋನನ್ನು ಜಗಲಿಯ ಮೇಲಿಟ್ಟು, ನನಗೆ ತೋಟಾ ತುಂಬಿ ಅಂಗಳದಲ್ಲಿ ಕಾದಳು. ಸಂಜೆಯ ಹೊತ್ತಿಗೆ ಫೋನು ಹೊಡೆದುಕೊಂಡಿತು.

“ಹೆಣ್ಣು ಕಣೇ!” ಮುದ್ದಯ್ಯ ಪಕ್ಕದಿಂದ ಕೂಗಿದ. “ಫೋನ್ ದೇಚಮ್ಮನ ಕಿವೀಲೇ ಇದೆ. ಹೊಡಿ!”

ಬೊಳ್ಳವ್ವ ಆಕಾಶಕ್ಕೆ ಎತ್ತಿ ಹೊಡೆದಳು. ಅಷ್ಟು ನೆಟ್ಟಗೆ ನನ್ನನ್ನು ಯಾರೂ ಹಿಡಿದಿರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಸದ್ದು ಉರುಳಿತು. ಬೊಳ್ಳವ್ವ ಜಗಲಿಗೆ ಓಡಿ ಫೋನಿಗೆ ಕಿವಿಗೊಟ್ಟಳು. ಕೇಳಿಸಲೇ ಇಲ್ಲವೇ?

ಆಮೇಲೆ ದೇಚಮ್ಮನ ದಣಿದ ದನಿ ಬಂತು. “ಅವ್ವಾ... ಬಾಣಲೇಲಿ ಸಾಸಿವೆ ಸಿಡಿದ ಹಾಗಿತ್ತು! ಇನ್ನೊಂದ್ಸಲ ಹೊಡಿ.”

“ಸುಮ್ನಿರೇ! ಎರಡು ಹೊಡೆದ್ರೆ ಊರವರೆಲ್ಲ ಅಳ್ತಾ ಬರ್ತಾರೆ!”

“ಅಯ್ಯೋ, ಹೊಟ್ಟೆಯ ಹೊಲಿಗೆ!” ಎನ್ನುತ್ತಾ ದೇಚಮ್ಮ ನಕ್ಕಳು. ಮುದ್ದಯ್ಯ ನಕ್ಕ. ಬೊಳ್ಳವ್ವ ನನ್ನನ್ನು ಎದೆಗವಚಿಕೊಂಡು ನಗುತ್ತಾ ನಗುತ್ತಾ ಅತ್ತಳು.

ಈಗ ನನಗೆ ವಯಸ್ಸಾಗಿದೆ. ನಳಿಗೆ ಸವೆದಿದೆ, ಗೋಡೆಯ ಮೂಲೆಯೇ ಗತಿ. ಆಸ್ಪತ್ರೆಯ ಗೇಟಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸದ್ದಿಗೆ ಹಂದಿಗಳು ಓಡಿವೆ, ಹಕ್ಕಿಗಳು ಹಾರಿವೆ, ಮನುಷ್ಯರು ಕಿವಿ ಮುಚ್ಚಿಕೊಂಡಿದ್ದಾರೆ. ಅದನ್ನು ಕೇಳಿ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಆ ಒಂದು ಸಂಜೆ ಮಾತ್ರ.