ಕೂಗಿನವನ ಮೂಲೆ

"ಏ ಮುಂಡೆ, ಗಂಡನ ಜಾಗಕ್ಕೆ ಬಂದಿದ್ದೀಯ ಅಂತ ಗಂಡನ ಥರ ಹೆಣವಾಗಿ ನಿಲ್ಲಬೇಡ! ನಡಿ!"

ಮೇಸ್ತ್ರಿಯ ಮಾತು ಕ್ರೀಡಾಂಗಣದ ಆಚೆ ತುದಿಯವರೆಗೂ ಹೋಯಿತು. ಖಾಲಿ ಕುರ್ಚಿಗಳ ಸಾಲುಗಳು ಅದನ್ನು ಹಿಂದಿರುಗಿಸಿ ಇನ್ನೊಮ್ಮೆ ಹೇಳಿದವು. ಅವಳು ತಿರುಗಿ ನೋಡಲಿಲ್ಲ. ಹೆಗಲ ಮೇಲೆ ಹಲಗೆಯ ಮುಂದಿನ ಎಡಮೂಲೆ ಇತ್ತು. ಬಲಕ್ಕೆ ನಾದಿನಿ. ಹಿಂದಿನ ಎರಡು ಮೂಲೆಗಳಲ್ಲಿ ಗೊಣಗ, ಸೊಟ್ಟ.

"ದೇವರೇ..." ಎಂದಳು ಅವಳು. ನಾಲ್ವರ ಮಂಡಿಗಳೂ ಸಡಿಲವಾದವು. ಒಂದು ಉಸಿರಿನಷ್ಟು ಹೊತ್ತು ಕಳೆಯಿತು. "ಇಳಿಸು!"

ಹಲಗೆ ಹುಲ್ಲಿನ ಮೇಲೆ, ಪಕ್ಕದ ಹಲಗೆಗೆ ತಾಗಿ ಕುಳಿತುಕೊಂಡಿತು.

ಆಟದ ದಿನಗಳಲ್ಲಿ ಆ ಹುಲ್ಲನ್ನು ಆಟಗಾರರಲ್ಲದೆ ಬೇರೆಯವರು ತುಳಿಯುವಂತಿರಲಿಲ್ಲ. ಹಾಡಿನ ದಿನಗಳಲ್ಲಿ ಮಾತ್ರ ಸಾವಿರಾರು ಜನ ಅದರ ಮೇಲೆಯೇ ನಿಂತು ಕುಣಿಯುತ್ತಿದ್ದರು. ಅದಕ್ಕಾಗಿ ಮೈದಾನದ ತುಂಬ ದಪ್ಪ ಹಲಗೆ ಹಾಸಬೇಕು, ಹಾಡು ಮುಗಿದ ಮೇಲೆ ಎತ್ತಬೇಕು. ಆ ಕೆಲಸ ಗೋಡೆಯ ಹಿಂದಿನ ಓಣಿಯವರದು. ಒಂದೊಂದು ಹಲಗೆಗೆ ನಾಲ್ಕು ಜನ. ಮುಂದಿನ ಎಡಮೂಲೆಯವನು ಕೂಗಿನವನು. ಅವನು ಕೂಗಿದರೆ ಎತ್ತಬೇಕು, ಅವನು ಕೂಗಿದರೆ ಇಳಿಸಬೇಕು. ಬೇರೆ ಯಾರು ಬಾಯಿ ಹರಿದುಕೊಂಡರೂ ಕಿವಿಗೊಡಬಾರದು. ಹಿಂದೊಮ್ಮೆ ಅವಸರದ ಮೇಸ್ತ್ರಿ "ಇಳಿಸ್ರೋ" ಎಂದು ಕಿರುಚಿದಾಗ ಸೊಟ್ಟ ಒಬ್ಬನೇ ಕೈಬಿಟ್ಟಿದ್ದ. ಅಂದು ಹಲಗೆಯ ಅಂಚು ಬಿದ್ದು ಅವನ ಪಾದ ಸೊಟ್ಟಗಾಯಿತು. ಹೆಸರೂ ಅಂದಿನಿಂದಲೇ ಬಂತು.

"ಅತ್ತಿಗೆ," ಎಂದ ಗೊಣಗ, ಬೆವರು ಒರೆಸಿಕೊಳ್ಳುತ್ತ. "ನೀವು 'ದೇವರೇ' ಅಂದಮೇಲೆ 'ಇಳಿಸು' ಅನ್ನೋದಕ್ಕೆ ಇಷ್ಟು ಹೊತ್ತು ತಗೊಂಡ್ರೆ, ದೇವರೇ ಬಂದು ಇಳಿಸಿಕೊಂಡು ಹೋಗ್ತಾನೆ."

"ನಿಮ್ಮಣ್ಣ ನಡುವೆ ಒಂದು ಉಸಿರು ತಗೋತಿದ್ದರಲ್ಲ. ಅದನ್ನೇ ತಗೋತಿದ್ದೀನಿ."

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಸತ್ತವನು ಅವಳ ಒಡಹುಟ್ಟಿದ ಅಣ್ಣ.

ನೀರು ಕುಡಿಯಲು ಬಿಟ್ಟಾಗ ಮೇಸ್ತ್ರಿ ತಾನಾಗಿಯೇ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಅವನ ಧ್ವನಿ ಬೆಣ್ಣೆಯಾಗಿತ್ತು.

"ನಾಳೆ ಸಭೆ ಇದೆ, ಗೊತ್ತಲ್ಲ? ವರ್ಷಕ್ಕೆ ಮೂರೋ ನಾಲ್ಕೋ ಇದ್ದ ಹಾಡು ಇನ್ನು ತಿಂಗಳು ತಿಂಗಳೂ ಮಾಡಬೇಕು ಅಂತ ಮ್ಯಾನೇಜರ್ ಸಾಹೇಬರು ಹೊರಟಿದ್ದಾರೆ. ಓಣಿ ತುದಿಯ ಬಿಲ್ಡಿಂಗಿನವರು ಗದ್ದಲ ಅಂತ ಅಡ್ಡಗಾಲು ಹಾಕ್ತಿದ್ದಾರೆ. ನೀನು ಎದ್ದು ನಿಂತು ಒಂದೇ ಒಂದು ಮಾತು ಹೇಳು. 'ನಮಗೇನೂ ತೊಂದರೆ ಇಲ್ಲ, ನಮ್ಮ ಹೊಟ್ಟೆಪಾಡೇ ಇದು' ಅಂತ."

"ನಾನೇ ಯಾಕೆ?"

"ನಿನ್ನ ಗಂಡನ ಹೆಸರು ಹಿಡ್ಕೊಂಡು ಹಾರಾಡ್ತಿದ್ದಾರೆ ಆ ನನ್ಮಕ್ಕಳು. ನೀನೇ ಹೇಳಿಬಿಟ್ಟರೆ ಅವರ ಬಾಯಿಗೆ ಬೀಗ ಬೀಳುತ್ತೆ."

"ಹಾಗಾದ್ರೆ ಓಣಿ ಗೇಟಿನ ಕೀಲಿಕೈ ನಮ್ಮ ಹತ್ರ ಇರಲಿ. ಮಗಳಿಗೆ ದಿನ ತುಂಬಿದೆ."

ಮೇಸ್ತ್ರಿ ನಕ್ಕ. "ಕೀಲಿಕೈ ಕೊಟ್ಟರೆ ಟಿಕೆಟಿಲ್ಲದೆ ಊರನ್ನೇ ಒಳಗೆ ನುಗ್ಗಿಸ್ತೀರಿ. ನಿನ್ನ ಗಂಡನಿಗೆ ಸಾಯೋಕೆ ಬೇರೆ ದಿನ ಸಿಗಲಿಲ್ಲ. ಮಗಳಾದ್ರೂ ದಿನ ನೋಡಿ ಹೆರಲಿ." ಎದ್ದು ನಿಂತು ಬೆನ್ನು ತಿರುಗಿಸುತ್ತಲೇ ಧ್ವನಿ ಮತ್ತೆ ಮೊದಲಿನಂತಾಯಿತು. "ಹೇಳಲಿಲ್ಲ ಅಂದ್ರೆ ನಿನ್ನ ನಾಲ್ಕೂ ಮೂಲೆಗೆ ಬೇರೆ ಜನ ಬರ್ತಾರೆ. ನೆನಪಿರಲಿ."

"ಇವನ ನಾಲಿಗೆಗೆ ಹುಳ ಬೀಳ್ಲಿ, ಬೋಳಿಮಗ," ಎಂದ ಗೊಣಗ, ಮೇಸ್ತ್ರಿಗೆ ಕೇಳಿಸದಷ್ಟು ದೂರ ಹೋದ ಮೇಲೆ.

ಓಣಿ ಎಂದರೆ ಎರಡು ಗೋಡೆಗಳ ನಡುವಿನ ಸಂದು. ಒಂದು ಕಡೆ ಕ್ರೀಡಾಂಗಣದ ಗೋಡೆ. ಅದಕ್ಕೆ ಬೆನ್ನು ಕೊಟ್ಟು ಒಂದೊಂದೇ ಕೋಣೆಯ ಮನೆಗಳ ಸಾಲು. ಎದುರಿಗೆ ಬಚ್ಚಲ ನೀರು ಹರಿಯುವ ಮೋರಿ, ಅದರಾಚೆ ಗೋದಾಮಿನ ಗೋಡೆ. ಓಣಿಯ ಬಾಯಲ್ಲಿ ಕಬ್ಬಿಣದ ಗೇಟು. ಹಾಡಿನ ದಿನ ಕಲಾವಿದರ ಕಾರುಗಳು, ಜನರೇಟರ್ ಲಾರಿಗಳು ಆ ಬಾಯಿಯ ಮುಂದೆಯೇ ಹಾದು ಹಿಂಬಾಗಿಲಿಗೆ ಹೋಗಬೇಕು. ಹೀಗಾಗಿ ಮಧ್ಯಾಹ್ನವೇ ಗೇಟಿಗೆ ಸರಪಳಿ ಬೀಳುತ್ತಿತ್ತು. ಓಣಿಯ ಇನ್ನೊಂದು ತುದಿಯಲ್ಲಿ ಎತ್ತರದ ಬಿಲ್ಡಿಂಗಿನ ಕಾಂಪೌಂಡು. ಅದರಲ್ಲಿ ಒಂದು ಸಣ್ಣ ಬಾಗಿಲು. ಹಿಂದೆ ಆ ಬಾಗಿಲು ತೆರೆದೇ ಇರುತ್ತಿತ್ತು, ಓಣಿಯ ಹೆಂಗಸರು ಅಲ್ಲಿಂದಲೇ ಪಾತ್ರೆ ತೊಳೆಯಲು ಹೋಗಿ ಬರುತ್ತಿದ್ದರು. ಒಂದು ಮನೆಯಲ್ಲಿ ಬೆಳ್ಳಿಲೋಟ ಕಾಣೆಯಾಯಿತು ಎಂದು ಅದಕ್ಕೆ ಅಗುಳಿ ಬಿತ್ತು. ಲೋಟ ಅವರ ಮಂಚದಡಿಯಲ್ಲೇ ಸಿಕ್ಕಿತಂತೆ. ಅಗುಳಿ ಮಾತ್ರ ಹಾಗೇ ಉಳಿಯಿತು.

ಕಳೆದ ಹಾಡಿನ ಸಂಜೆ ಅವಳ ಗಂಡನಿಗೆ ಎದೆ ಹಿಡಿದುಕೊಂಡಿತು. ಬಾಗಿಲ ಮುಂದೆ ಒಂದು ಸೀಳಿದ ಹಲಗೆ ಇತ್ತು. ಕೆಲಸಕ್ಕೆ ಬಾರದ್ದೆಂದು ಅವನೇ ತಂದು, ಇಟ್ಟಿಗೆಯ ಮೇಲಿಟ್ಟು, ಸಂಜೆಹೊತ್ತು ಕೂರುತ್ತಿದ್ದ. ಅದರ ಮೇಲೆಯೇ ಮಲಗಿಸಿದರು. ನಾದಿನಿ, ಗೊಣಗ, ಸೊಟ್ಟ ತಂತಮ್ಮ ಮೂಲೆ ಹಿಡಿದು ನಿಂತರು. ಯಾರೂ ಎತ್ತಲಿಲ್ಲ. ಕೂಗುವವನೇ ಹಲಗೆಯ ಮೇಲಿದ್ದ. ಆಗ ಅವಳು ಹೋಗಿ ಮುಂದಿನ ಎಡಮೂಲೆ ಹಿಡಿದಳು. ಜೀವಮಾನದಲ್ಲೇ ಮೊದಲ ಸಲ ಗಂಡನ ಮುಂದೆ ಗಂಟಲೆತ್ತಿ ಕೂಗಿದಳು. "ದೇವರೇ... ಎತ್ತು!"

ಗೇಟಿನ ಬಳಿ ಓಡಿದರು. ಸರಪಳಿ ಹಾಕಿದ ಕಾವಲಿನವನು ಒಳಗೆ ಹಾಡು ನೋಡಲು ಹೋಗಿದ್ದ. ತಿರುಗಿ ಸಣ್ಣ ಬಾಗಿಲಿಗೆ ಓಡಿದರು. ಆಚೆಯಿಂದ ಬಿಲ್ಡಿಂಗಿನ ವಾಚ್‌ಮನ್ ಫೋನಿನಲ್ಲಿ ಸೆಕ್ರೆಟರಿಯನ್ನು ಕೇಳಿದ. ಬಾಗಿಲ ಸಂದಿನಿಂದ ಉತ್ತರ ಅವರಿಗೂ ಕೇಳಿಸಿತು: "ಒಂದು ಸಲ ತೆಗೆದರೆ ದಿನಾ ತಟ್ತಾರೆ. ಗೇಟಿನ ಕಡೆ ಹೋಗೋಕೆ ಹೇಳು." ಮತ್ತೆ ಗೇಟಿಗೆ ಓಡಿದರು. ಓಣಿಯ ನಡುವೆ, ತನ್ನ ಮನೆಯ ಬಾಗಿಲೆದುರಿಗೇ, ಅವನು ಹೋಗಿಬಿಟ್ಟಿದ್ದ.

ಮೇಸ್ತ್ರಿ ಬೆದರಿಸಿದ ದಿನವೇ ಸಂಜೆ ಆ ಸೆಕ್ರೆಟರಿ ಓಣಿಗೆ ಬಂದ. ಸಣ್ಣ ಬಾಗಿಲಿನಿಂದಲೇ ಬಂದ. ವಾಚ್‌ಮನ್ ಅಗುಳಿ ಹಿಡಿದು ಅಲ್ಲೇ ನಿಂತಿದ್ದ. ಮೋರಿ ದಾಟುವಾಗ ಪಂಚೆಯ ಅಂಚು ಎತ್ತಿಕೊಂಡು, ಅವಳ ಮನೆಯ ಹೊಸ್ತಿಲ ಹೊರಗೇ ನಿಂತು ಕೈಮುಗಿದ.

"ಅಮ್ಮಾ, ನಿಮ್ಮ ದುಃಖ ನಮ್ಮ ದುಃಖ. ನಮಗೂ ಈ ಗದ್ದಲದಲ್ಲಿ ನಿದ್ದೆ ಇಲ್ಲ, ಮಕ್ಕಳಿಗೆ ಓದೋಕಾಗಲ್ಲ, ನಮ್ಮ ನಾಯಿ ಮಂಚದ ಕೆಳಗಿಂದ ಹೊರಗೇ ಬರಲ್ಲ. ನಾಳೆ ಸಭೇಲಿ ನೀವು ಎದ್ದು ನಿಮ್ಮ ಯಜಮಾನರ ವಿಷಯ ಹೇಳಿ. ಇದನ್ನ ನಿಲ್ಲಿಸಿಯೇ ಬಿಡೋಣ."

ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು: "ಅವತ್ತು ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ?"

ಸೆಕ್ರೆಟರಿ ಮೇಲೆ ಸೂರನ್ನು ನೋಡಿದ. "ನನಗೆ ವಿಷಯದ ಗಂಭೀರತೆ ಗೊತ್ತಾಗಲಿಲ್ಲಮ್ಮ."

"ಈಗ ಗೊತ್ತಾಗಿದೆಯಲ್ಲ," ಎಂದಳು ತಾಯಿ. "ಹಾಡಿನ ದಿನ ಆ ಬಾಗಿಲಿನ ಅಗುಳಿ ತೆಗೆದಿಡಿ. ನಾನು ಬಂದು ಹೇಳ್ತೀನಿ."

"ಅದು ಸೆಕ್ಯೂರಿಟಿ ವಿಷಯ, ಕಮಿಟಿ ಕೇಳಬೇಕು..."

"ಕೇಳಿ ಸ್ವಾಮಿ. ನಾವು ಕಾಯ್ತೀವಿ. ಕಾಯೋದು ನಮಗೆ ಅಭ್ಯಾಸ."

ಸಭೆ ಕ್ರೀಡಾಂಗಣದ ಊಟದ ಹಾಲಿನಲ್ಲಿ ಸೇರಿತು. ಮುಂದಿನ ಕುರ್ಚಿಗಳಲ್ಲಿ ಬಿಲ್ಡಿಂಗಿನವರು, ವೇದಿಕೆಯ ಮೇಲೆ ಮ್ಯಾನೇಜರ್, ಜೊತೆಗೆ ಅಧ್ಯಕ್ಷತೆಗೆಂದು ಬಂದ ಒಬ್ಬ ಅಧಿಕಾರಿ. ಓಣಿಯವರಿಗೆ ಹಿಂದಿನ ಗೋಡೆ. ಮ್ಯಾನೇಜರ್ ಊರಿನ ಯುವಜನರ ಬಗ್ಗೆ, ಅಂಗಡಿಯವರ ವ್ಯಾಪಾರದ ಬಗ್ಗೆ ಹೇಳಿದ. ಸೆಕ್ರೆಟರಿ ನೆಮ್ಮದಿಯ ಬಗ್ಗೆ ಹೇಳಿದ. ಒಬ್ಬಾಕೆ ಕಿಟಕಿಯ ಗಾಜು ಅದುರುವುದನ್ನು ಕೈಯಿಂದ ಮಾಡಿ ತೋರಿಸಿದಳು. ಮಾತಿಗೆ ಮಾತು ಬೆಳೆದು ಕುರ್ಚಿಗಳು ಸರಿದವು.

"ಈಗ ಇಲ್ಲಿ ದುಡಿಯೋ ಬಡಜನ ಏನಂತಾರೆ ಅಂತ ಕೇಳೋಣ," ಎಂದ ಮ್ಯಾನೇಜರ್.

ಮೇಸ್ತ್ರಿ ಹಿಂದಿನಿಂದ ಅವಳ ಬೆನ್ನು ತಿವಿದ. ಸೆಕ್ರೆಟರಿ ಮುಂದಿನಿಂದ ತಿರುಗಿ, ಹೇಳಿ ಎನ್ನುವಂತೆ ತಲೆಯಾಡಿಸಿದ. ಇಬ್ಬರೂ ತನ್ನ ಬಾಯನ್ನೇ ನೋಡುತ್ತಿದ್ದುದು ಅವಳಿಗೆ ಕಂಡಿತು.

"ನನ್ನ ಗಂಡ ಸತ್ತಾಗ..." ಎಂದು ಶುರು ಮಾಡಿದಳು.

"ಅಮ್ಮ, ಸಭೆ ಶಬ್ದದ ಬಗ್ಗೆ," ಎಂದ ಅಧಿಕಾರಿ. "ಅದರ ಬಗ್ಗೆ ಮಾತಾಡಿ."

"ಶಬ್ದದ ಬಗ್ಗೇನೇ ಸ್ವಾಮಿ. ಅವರ ಎದೆ ಮೇಲೆ ಒಂದು ಕೈ ಇಟ್ಟಿದ್ದೆ. ಬಡೀತಾ ಇತ್ತು. ಜೀವ ಇದೆ, ಜೀವ ಇದೆ ಅಂತ ಕೂಗಿದೆ. ಇವರೂ ಹೊತ್ಕೊಂಡು ಓಡಿದ್ರು. ಒಳಗೆ ಹಾಡು ನಿಂತಿತು. ಎದೇನೂ ನಿಂತಿತು. ಆಮೇಲೆ ಇನ್ನೊಂದು ಹಾಡು ಶುರುವಾಯ್ತು. ಮತ್ತೆ ಬಡಿಯೋಕೆ ಶುರುವಾಯ್ತು." ಅವಳು ತನ್ನ ಅಂಗೈ ನೋಡಿಕೊಂಡಳು. "ಆಗ ಗೊತ್ತಾಯ್ತು. ನಾನು ಹಿಡ್ಕೊಂಡಿದ್ದದ್ದು ನಿಮ್ಮ ನಗಾರಿ."

ಹಾಲಿನಲ್ಲಿ ಯಾರೋ ಲೊಚಗುಟ್ಟಿದರು. "ಅಯ್ಯೋ ಪಾಪ" ಎಂದಿತು ಮುಂದಿನ ಸಾಲು. ಒಬ್ಬ ಹುಡುಗಿ ಫೋನು ಎತ್ತಿ ಚಿತ್ರ ತೆಗೆದಳು.

"ಹಾಡು ಮಾಡಿ, ಬಿಡಿ, ನಿಮಗೆ ಬಿಟ್ಟದ್ದು. ಆ ಗೇಟಿನ ಕೀಲಿಕೈ ನಮಗೆ ಕೊಡಿ. ಈ ಸ್ವಾಮಿಗಳು ಆ ಬಾಗಿಲಿನ ಅಗುಳಿ ತೆಗೀಲಿ. ಅಷ್ಟೇ."

ಈಗ ಯಾರೂ ಲೊಚಗುಟ್ಟಲಿಲ್ಲ.

"ಅದನ್ನ ಬೇರೆಯಾಗಿ ಪರಿಶೀಲಿಸೋಣ," ಎಂದ ಅಧಿಕಾರಿ.

ಆಮೇಲೆ ಚಹಾ ಬಂತು. ಚಹಾ ಮುಗಿಯುವಷ್ಟರಲ್ಲಿ ರಾಜಿಯೂ ಆಯಿತು. ಹಾಡು ತಿಂಗಳು ತಿಂಗಳೂ ನಡೆಯುವುದು. ಆದರೆ ಬೇಗ ಮುಗಿಯುವುದು. ಬಿಲ್ಡಿಂಗಿನವರಿಗೆ ಒಳ್ಳೆಯ ಸಾಲಿನ ಪಾಸುಗಳು. ಸೆಕ್ರೆಟರಿ ಕೊನೆಗೆ ಒಂದು ಮಾತು ಸೇರಿಸಿದ: "ಆ ಓಣಿ ಕಡೆಯಿಂದ ಕುಡುಕರು ನಮ್ಮ ಗೋಡೆ ಹಾರ್ತಾರೆ. ಗೇಟನ್ನು ಇನ್ನು ಬೆಳಗ್ಗೆಯೇ ಹಾಕಿಸಿ."

"ಖಂಡಿತ," ಎಂದ ಮ್ಯಾನೇಜರ್. ಇಬ್ಬರೂ ಕೈ ಕುಲುಕಿದರು.

ಮರುದಿನ ಹಾಡಿನ ದಿನ. ಕೊನೆಯ ಸಾಲಿನ ಹಲಗೆಗಳು ಉಳಿದಿದ್ದವು. ಬದಲಿ ಜನರನ್ನು ಹುಡುಕಲು ಮೇಸ್ತ್ರಿಗೆ ಹೊತ್ತಿರಲಿಲ್ಲ. "ಇವತ್ತೊಂದು ದಿನ," ಎಂದು ಹಲ್ಲು ಕಡಿದಿದ್ದ. ಉಂಡು ಬನ್ನಿ ಎಂದು ಬಿಟ್ಟಾಗ ನಾಲ್ವರೂ ಓಣಿಗೆ ಬಂದರು. ಬೆನ್ನ ಹಿಂದೆಯೇ ಕಾವಲಿನವನು ಸರಪಳಿ ಸುತ್ತಿ ಬೀಗ ಒತ್ತಿದ.

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಸುಣ್ಣವಾಗಿತ್ತು. "ಅಮ್ಮಾ, ಬೆಳಗ್ಗೆಯಿಂದ ಸೊಂಟ ಎಳೀತಿತ್ತು. ಈಗ ನಿಂತು ನಿಂತು ಬರ್ತಿದೆ."

ತಾಯಿ ಗೇಟಿಗೆ ಹೋದಳು. "ಅಣ್ಣಾ, ಮಗಳಿಗೆ ನೋವು ಬಂದಿದೆ. ತೆಗಿ."

"ಕೆಲಸದವರಿಗೆ ಮಾತ್ರ ತೆಗೀಬೇಕು ಅಂತ ಆರ್ಡರ್ ಆಗಿದೆ. ಕೀಲಿಕೈ ಮೇಸ್ತ್ರಿ ಹತ್ರ ಇದೆ, ಅವನು ಬರಲಿ." ಕಾವಲಿನವನು ಬೀಡಿ ಹಚ್ಚಿದ. "ಹಾಡು ಮುಗಿಯೋ ತನಕ ಸ್ವಲ್ಪ ತಡ್ಕೊಳ್ಳೋಕೆ ಹೇಳು. ಮೊದಲ ಹೆರಿಗೆ ಅಲ್ವಾ, ನಿಧಾನ."

ಅವಳು ಗೇಟನ್ನು ಮೇಲಿಂದ ಕೆಳಗೆ ನೋಡಿದಳು. ಒಂಟಿ ಗೇಟು. ಒಂದು ಬದಿಗೆ ಕಬ್ಬಿಣದ ಗೂಟಗಳ ಮೇಲೆ ಸುಮ್ಮನೆ ಕೂತಿದ್ದ ಹಳೆಯ ಕೀಲುಗಳು, ಇನ್ನೊಂದು ಬದಿಗೆ ಮೊಂಡು ಕಂಬಕ್ಕೆ ಸುತ್ತಿದ ಸರಪಳಿ. ಎಷ್ಟು ಸಲ ಈ ಕಂಬಿಗಳನ್ನು ಹಿಡಿದು ಅಲುಗಾಡಿಸಿದ್ದರು! ಎಳೆದಿದ್ದರು, ಒದ್ದಿದ್ದರು, ಬೇಡಿಕೊಂಡಿದ್ದರು. ಎತ್ತಿ ನೋಡಿರಲಿಲ್ಲ. ಎತ್ತುವುದೇ ಕಸುಬಾದವರಿಗೆ ಅದೊಂದು ಹೊಳೆದಿರಲಿಲ್ಲ.

ಅವಳು ಹೋಗಿ ಮುಂದಿನ ಎಡಮೂಲೆ ಹಿಡಿದಳು. ನಾದಿನಿ ನೋಡಿದಳು, ಬಲಕ್ಕೆ ಬಂದು ನಿಂತಳು. ಗೊಣಗ ಗೊಣಗದೆ ಹಿಂದಿನ ಮೂಲೆ ಹಿಡಿದ. ಸೊಟ್ಟ ಕಾಲೆಳೆದುಕೊಂಡು ಬಂದ.

"ದೇವರೇ... ಎತ್ತು!"

ಕೀಲುಗಳು ಕಿರುಗುಟ್ಟಿ ಗೂಟಗಳಿಂದ ಹೊರಬಂದವು. ಸರಪಳಿ ಕಂಬದ ತಲೆಯಿಂದ ಕಳಚಿ, ಬೀಗದ ಸಮೇತ ಜೋಲಾಡಿತು. ಕಾವಲಿನವನ ಬೀಡಿ ನೆಲಕ್ಕೆ ಬಿತ್ತು. "ಏ! ಏ! ಏನ್ರೋ ಮಾಡ್ತಿದ್ದೀರ?"

ಗೇಟು ಹೆಗಲಿಗೇರಿತು. ಓಣಿಯ ಹೆಂಗಸರು ಮಗಳ ತೋಳು ಹಿಡಿದು, ಬರಿದಾದ ಕಂಬಗಳ ನಡುವಿನಿಂದ ರಸ್ತೆಗೆ ನಡೆಸಿದರು. ಒಬ್ಬಳು ಓಡಿಹೋಗಿ ಲಾರಿಗಳ ಎದುರು ಎರಡೂ ಕೈ ಚಾಚಿ ನಿಂತಳು. ಹಾರ್ನುಗಳು ಒಂದೇ ಸಮನೆ ಅರಚಿದವು.

ನಾಲ್ವರು ಗೇಟನ್ನು ಹೊತ್ತು ಹಿಂಬಾಗಿಲಿನಿಂದ ಮೈದಾನಕ್ಕೆ ಬಂದರು. ಏನಾದರೊಂದು ಹೊರುತ್ತಲೇ ಇರುವವರೆಂದು ಯಾರೂ ತಡೆಯಲಿಲ್ಲ. ತಾವೇ ಹಾಸಿದ ಹಲಗೆಗಳ ಮೇಲೆ ನಡೆದು, ವೇದಿಕೆಯೆದುರು ನಡುಮೈದಾನದಲ್ಲಿ ನಿಂತರು. ಗೇಟು ಹೆಗಲ ಮೇಲಿರುವ ತನಕ ಓಣಿಯ ಬಾಯಿ ಮುಚ್ಚುವಂತಿರಲಿಲ್ಲ. ವೇದಿಕೆಯಲ್ಲಿ ಒಬ್ಬ ನಗಾರಿ ಬಾರಿಸಿ ಧ್ವನಿ ಪರೀಕ್ಷಿಸುತ್ತಿದ್ದ. ಪ್ರತಿ ಏಟೂ ಕಬ್ಬಿಣದೊಳಗಿಂದ ಅವಳ ಹೆಗಲಿಗೆ ಬರುತ್ತಿತ್ತು.

"ಇಳಿಸ್ರೋ ಸೂಳೆಮಕ್ಕಳಾ! ಇಳಿಸಿ!" ಮೇಸ್ತ್ರಿ ಓಡಿ ಬರುತ್ತಿದ್ದ. ಅವನ ಹಿಂದೆ ಮ್ಯಾನೇಜರ್, ಅವನ ಹಿಂದೆ ಕಾವಲಿನವರು. "ಇಳಿಸಿ! ಹೋಗಿ ಹಾಕ್ರೋ ಅದನ್ನ! ಲಾರಿ ಎಲ್ಲಾ ನಿಂತಿದೆ!"

ಸೊಟ್ಟನ ಪಾದ ನಡುಗಿತು. ಅವನು ಹಲ್ಲು ಕಚ್ಚಿ ಹಿಡಿದುಕೊಂಡ.

"ಅತ್ತಿಗೆ," ಎಂದ ಗೊಣಗ ಹಿಂದಿನಿಂದ, ಉಸಿರು ಸಾಲದೆ, "ಮಗಳು ಆಟೋ ಹತ್ತಿರಬಹುದಾ?"

"ಗೊತ್ತಿಲ್ಲ."

ಮೇಸ್ತ್ರಿ ಬಂದು ಅವಳ ಮುಖದೆದುರೇ ನಿಂತ. ಅವನ ಎಂಜಲು ಅವಳ ಕೆನ್ನೆಗೆ ಸಿಡಿಯಿತು. "ಇಳಿಸು ಅಂದೆ! ಕಿವಿ ಸತ್ತಿದೆಯಾ ಮುಂಡೆ?"

ನಗಾರಿಯವನು ಬಾರಿಸುವುದನ್ನು ನಿಲ್ಲಿಸಿ ಇತ್ತ ನೋಡಿದ. ಅಷ್ಟು ದೊಡ್ಡ ಮೈದಾನದಲ್ಲಿ ಒಮ್ಮೆಲೇ ಸದ್ದಡಗಿತು. ಸರಪಳಿಯ ತುದಿಯ ಬೀಗ ಮಾತ್ರ ಕಂಬಿಗೆ ತಾಗಿ ತಾಗಿ ಸದ್ದು ಮಾಡುತ್ತಿತ್ತು.

"ದೇವರೇ..." ಎಂದಳು ಅವಳು.

ಮೂವರ ಮಂಡಿಗಳು ಸಡಿಲವಾದವು. ಮೂವರೂ ಕಾದರು.

ಅವಳು ಉಸಿರು ತೆಗೆದುಕೊಂಡಳು. ಇನ್ನೊಂದು ಉಸಿರು ತೆಗೆದುಕೊಂಡಳು.