ಉಚಿತ ಸೀಟು

"ಬಿಚ್ಚೇ ಬೇಗ! ನಿಮ್ಮಪ್ಪನ ಮನೆ ಬಟ್ಟೆ ಅನ್ಕೊಂಡ್ಯಾ?" ಮ್ಯಾನೇಜರ್ ನನ್ನ ಮಗಳ ಕುತ್ತಿಗೆಯ ಟೈ ಹಿಡಿದು ಜಗ್ಗಿದ.

ನಾನು ಆ ಖಾಸಗಿ ಶಾಲೆಯ ಆಯಾ. ಕಕ್ಕಸು ತೊಳೆಯುವುದು, ನೆಲ ಒರೆಸುವುದು ನನ್ನ ಪಾಲು. ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದ ದಿನ ಉಚಿತ ಸೀಟಿನ ಹನ್ನೆರಡು ಮಕ್ಕಳಿಗೆ ಸಮವಸ್ತ್ರ ತೊಡಿಸಿ ಮುಂದಿನ ಬೆಂಚಿನಲ್ಲಿ ಕೂರಿಸುವುದು, ಫೋಟೊ ಆದಮೇಲೆ ಬಿಚ್ಚಿಸಿ, ಒಗೆದು, ಬೀರುವಿಗೆ ತುಂಬುವುದೂ ನಾನೇ. ಉಳಿದ ದಿನ ಅವರಿಗೆ ಹಿತ್ತಲಿನ ವ್ಯಾನ್ ಶೆಡ್ಡೇ ಗತಿ. ಇವರ ಹೆಸರಿನಲ್ಲಿ ಸರ್ಕಾರ ಶಾಲೆಗೆ ದುಡ್ಡು ಕೊಡುತ್ತದೆ. ಹೆಸರಿದ್ದರೆ ಸಾಕು, ಮಕ್ಕಳು ಯಾರಿಗೆ ಬೇಕು?

ನಮ್ಮ ಬೀದಿಯ ಸರ್ಕಾರಿ ಶಾಲೆಗೆ ಬೀಗ ಬಿದ್ದಮೇಲೆ ಬೇರೆ ದಾರಿಯಿರಲಿಲ್ಲ. ಶೆಡ್ಡಿಗೆ ಟೀಚರ್ ಹೋಗಿದ್ದನ್ನು ನಾನು ಕಂಡಿಲ್ಲ. ಆದರೂ ಮೂರು ವರ್ಷದಿಂದ ಮಗಳು ಪ್ರತಿ ಸಂಜೆ ಪುಸ್ತಕ ತೆರೆದು ಗಳಗಳನೆ ಓದುತ್ತಿದ್ದಳು. ಓದು ಬಾರದ ನನಗೆ ಅದನ್ನು ಕೇಳಿಯೇ ಹೊಟ್ಟೆ ತಣ್ಣಗಾಗುತ್ತಿತ್ತು. ಚೂಟಿ ಹುಡುಗಿ, ಹೇಗೋ ಕಲಿತಳಲ್ಲ ಅಂದುಕೊಂಡಿದ್ದೆ.

"ಅಮ್ಮಾ, ಸಂಜೆವರ್ಗೂ ಹಾಕ್ಕೊಂಡಿರ್ಲಾ?"

"ಪುಕ್ಸಟ್ಟೆ ಬಂದಿರೋ ದರಿದ್ರಕ್ಕೆ ಶೋಕಿ ಬೇರೆ!" ಅಂದ ಮ್ಯಾನೇಜರ್.

ಎಲ್ಲಿತ್ತೋ ಆ ಸಿಟ್ಟು. ಮಗಳ ಕೈ ಹಿಡಿದು ಆಫೀಸಿಗೆ ನುಗ್ಗಿದೆ. ಸಾಹೇಬರು ಚಹಾ ಕುಡಿಯುತ್ತಿದ್ದರು.

"ಸ್ವಾಮೀ, ಇವ್ಳನ್ನ ಶೆಡ್ಡಲ್ಲಿ ಕೂರಿಸ್ತಾರೆ. ಆದ್ರೂ ಎಷ್ಟು ಚೆನ್ನಾಗಿ ಓದ್ತಾಳೆ ಕೇಳಿ. ಒಳಗೊಂದು ಬೆಂಚು ಕೊಡ್ಸಿ."

ಸಾಹೇಬರು ಮೇಜಿನ ಮೇಲಿದ್ದ ಪುಸ್ತಕವೊಂದನ್ನು ತೆರೆದು ಕೊಟ್ಟರು. ಮಗಳು ಶುರುಮಾಡಿದಳು: "ಒಂದೂರಲ್ಲಿ ಒಂದಾನೆ ಇತ್ತು. ಅದಕ್ಕೆ ಜ್ವರ ಬಂತು. ಅವರಮ್ಮ ಕೆಲಸಕ್ಕೆ ಹೋಗ್ಲಿಲ್ಲ..."

ಸಾಹೇಬರು ನಕ್ಕುಬಿಟ್ಟರು. "ಇಲ್ಲಿ ಜ್ವರ ಎಲ್ಲಿದೆಯಮ್ಮಾ? ಚಿತ್ರ ನೋಡಿ ಕತೆ ಕಟ್ತಿದಾಳೆ. ಒಂದಕ್ಷರಾನೂ ಬರಲ್ಲ ಇವ್ಳಿಗೆ."

ಹಿಂದೆಯೇ ಓಡಿಬಂದಿದ್ದ ಮ್ಯಾನೇಜರನೂ ಕಿಸಕ್ಕನೆ ನಕ್ಕ. ಮಗಳು ತಲೆ ತಗ್ಗಿಸಿದಳು. ಮೂರು ವರ್ಷ ಅವಳು ನನ್ನ ಖುಷಿಗಾಗಿ ಕತೆ ಕಟ್ಟಿದ್ದಳು.

"ಆಯ್ತು, ಆಮೇಲೆ ನೋಡೋಣ," ಎಂದು ಸಾಹೇಬರು ಎದ್ದರು.

ನಾನು ಬಾಗಿಲು ಹಾಕಿ, ಒಳಗಿನಿಂದ ಚಿಲಕ ಜಡಿದು, ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟೆ.

"ಹುಚ್ಚು ಮುಂಡೆ, ತೆಗಿಯೇ!" ಮ್ಯಾನೇಜರ್ ಅರಚಿದ.

"ಆಮೇಲೆ ಬೈಕೊಳ್ಳೋ, ನಿನ್ ಬಾಯಿಗೆ ಮಣ್ಣು ಹಾಕ. ಮೂರು ವರ್ಷ ಇವ್ಳ ಹೆಸ್ರು ಹೇಳ್ಕೊಂಡು ತಿಂದ್ರಲ್ಲ, ಈಗ ಕಲ್ಸಿ. ಇವ್ಳು ತನ್ ಹೆಸ್ರು ಬರಿಯೋವರ್ಗೂ ಒಬ್ರೂ ಆಚೆ ಹೋಗಂಗಿಲ್ಲ."

ಮಗಳು ಮೇಜಿನ ಮೇಲಿದ್ದ ಪೆನ್ನೆತ್ತಿ ಸಾಹೇಬರ ಮುಂದೆ ಹಿಡಿದಳು.