ತೋಳಿಗೆ ಏನಾದರೂ ಹಚ್ಚಿದಿರಾ?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೇಡಂನಲ್ಲಿ ನಮ್ಮ ಓಣಿಯವರಿಗೆಲ್ಲ ಇದು ಗೊತ್ತು. ನನ್ನ ಯಜಮಾನರು ರಘುವೀರರಾಯರಂತೂ ನಾನು ದವಾಖಾನೆಯಿಂದ ಬರುವ ಹೊತ್ತಿಗೆ ಮುಖ ನೋಡಿಯೇ ಚಹಾ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಬೈದರೇ ಜನ ಸರಿದಾರಿಗೆ ಬರುತ್ತಾರೆ ಎಂದು ಇಪ್ಪತ್ತು ವರ್ಷ ಆರೋಗ್ಯ ಕಾರ್ಯಕರ್ತೆಯಾಗಿ ದುಡಿದ ಮೇಲೂ ನಂಬಿದ್ದವಳು ನಾನು. ಆ ನಂಬಿಕೆಯನ್ನು ಬಿಡಿಸಿದವಳು ಐನಾಪುರದ ಚಂದಮ್ಮ.

ಅದು 2009ನೇ ಇಸವಿ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ತಡೆಯುವ ಲಸಿಕೆ ಆಗ ನಮ್ಮ ಕಡೆಗೆ ಹೊಸದು. ಅದರ ಅಡ್ಡಪರಿಣಾಮಗಳೇನು ಎಂದು ಗುಲ್ಬರ್ಗಾದ ಡಾಕ್ಟರ್ ಶ್ರೀವಿದ್ಯಾ ಅಧ್ಯಯನ ನಡೆಸುತ್ತಿದ್ದರು. ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ನಲವತ್ತು ಹುಡುಗಿಯರ ಮನೆಯವರು ಒಪ್ಪಿದ್ದರು. ಒಬ್ಬೊಬ್ಬಳಿಗೆ ಆರು ತಿಂಗಳಲ್ಲಿ ಮೂರು ಸೂಜಿ. ಪ್ರತಿ ಸೂಜಿಯಾದ ಮೇಲೆ ಏಳು ದಿನ ಒಂದು ಹಳದಿ ಕಾರ್ಡು ತುಂಬಬೇಕು. ಜ್ವರ ಬಂತೇ, ತೋಳು ಬಾತಿತೇ, ನೋವಿತ್ತೇ, ತಲೆ ಸುತ್ತಿತೇ ಎಂದು ದಿನಕ್ಕೊಂದು ಸಾಲು. ಸಾಲಿನ ಕೊನೆಯ ಪ್ರಶ್ನೆ: ತೋಳಿಗೆ ಏನಾದರೂ ಹಚ್ಚಿದಿರಾ? ಮನೆಮನೆಗೆ ಹೋಗಿ ಆ ಕಾರ್ಡು ನೋಡುವ ಕೆಲಸ ನನ್ನದು.

ಮೊದಲ ಸೂಜಿಯ ದಿನ ಶಾಲೆಯ ಜಗುಲಿಯ ಮೇಲೆ ತಾಯಂದಿರನ್ನೆಲ್ಲ ಕೂರಿಸಿ ನಾನು ಭಾಷಣ ಬಿಗಿದೆ.

"ಸುಣ್ಣ ಬ್ಯಾಡ, ಅರಿಶಿಣ ಬ್ಯಾಡ, ಯಾವ ಸೊಪ್ಪಿನ ರಸಾನೂ ಬ್ಯಾಡ. ಯಾರರ ಏನರ ಹಚ್ಚಿದ್ರಂದ್ರ ಆ ಹುಡುಗಿ ಹೆಸರು ಹೊಡದು ಹಾಕ್ತೀನಿ. ಮುಂದಿನ ಸೂಜಿ ಇಲ್ಲ. ಆಮ್ಯಾಲ ಭಾಮಕ್ಕ ಹೇಳಿಲ್ಲ ಅನ್ನಬ್ಯಾಡ್ರಿ ಮತ್ತ!"

ಅಂಥ ನಿಯಮ ಎಲ್ಲೂ ಇರಲಿಲ್ಲ. ಹಚ್ಚಿದ್ದರೆ ಹಚ್ಚಿದ್ದೇವೆ ಎಂದು ಬರೆಯಿರಿ ಎಂದಷ್ಟೇ ಡಾಕ್ಟರ್ ಹೇಳಿದ್ದರು. ಹೆದರಿಸಿದರೆ ಕೆಲಸ ಸುಲಭವಾಗುತ್ತದೆ ಎಂದು ಉಳಿದದ್ದನ್ನು ನಾನೇ ಸೇರಿಸಿದ್ದೆ.

ಎಲ್ಲರಿಗಿಂತ ಮುಂದೆ ಕೂತು ಹೂಂ ಹೂಂ ಎಂದು ತಲೆಯಾಡಿಸಿದವಳೇ ಚಂದಮ್ಮ. ಅರವತ್ತು ದಾಟಿದ ಮುದುಕಿ. ಮಗಳು ಉಮಾದೇವಿ ಮೂರು ವರ್ಷದ ಹಿಂದೆ ಅದೇ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಅಳಿಯ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಮೊಮ್ಮಗಳು ಜಗದೇವಿ, ಹನ್ನೆರಡು ವರ್ಷದವಳು, ಈ ಆಯಿಯ ಕೈಯಲ್ಲೇ ಬೆಳೆಯುತ್ತಿದ್ದಳು. ನಲವತ್ತು ಮನೆಗಳಲ್ಲಿ ಮೊದಲು ಒಪ್ಪಿದವಳು ಚಂದಮ್ಮನೇ. "ನಮ್ಮ ಹುಡುಗೀಗೆ ಮೂರೂ ಸೂಜಿ ಬೀಳಬೇಕ್ರಿ ಅಕ್ಕೋರ, ಒಂದೂ ತಪ್ಪಬಾರದು," ಎಂದು ಕೊರಳಲ್ಲಿಯ ಲಿಂಗ ಮುಟ್ಟಿಕೊಂಡು ಹೇಳಿದ್ದಳು. ಏನೇ ಮಾತಾಡಲಿ, ಖರೇ ಎನ್ನಲು ಲಿಂಗ ಮುಟ್ಟುವುದು ಅವಳ ರೂಢಿ.

ಐದನೆಯ ದಿನ ನಾನು ಅವರ ಮನೆಗೆ ಹೋದಾಗ ಜಗದೇವಿ ಸೆರಗಿನಂತೆ ಟವೆಲ್ ಹೊದ್ದು ಕೂತಿದ್ದಳು. ಟವೆಲ್ ಸರಿಸಿದೆ. ಸೂಜಿ ಚುಚ್ಚಿದ ಜಾಗದ ಸುತ್ತ ಚರ್ಮ ಕಪ್ಪಾಗಿ, ಬೊಬ್ಬೆ ಎದ್ದು, ನೀರು ಸೋರುತ್ತಿತ್ತು.

"ಅಯ್ಯ ಶಿವನೇ! ಏನ್ ಹಚ್ಚೀರಿ ಇದಕ್ಕ?"

"ಏನೂ ಹಚ್ಚಿಲ್ರಿ," ಎಂದಳು ಚಂದಮ್ಮ.

"ಖರೇ ಹೇಳ್ರಿ!"

"ಖರೇನೇ ಹೇಳಾಕತ್ತೀನ್ರಿ."

ಜಗದೇವಿ ಆಯಿಯ ಮುಖ ನೋಡಿ ತಲೆ ತಗ್ಗಿಸಿದಳು. ಕಾರ್ಡಿನ ಕೊನೆಯ ಪ್ರಶ್ನೆಯ ಮುಂದೆ ಐದೂ ದಿನ "ಇಲ್ಲ" ಎಂದು ದುಂಡಗೆ ಬರೆದಿತ್ತು. ಚಂದಮ್ಮ ಆ ದಿನ ಲಿಂಗ ಮುಟ್ಟಲಿಲ್ಲ. ನಾನು ಕೂಗಾಡುವುದರಲ್ಲಿ ಅದನ್ನು ಗಮನಿಸಲೇ ಇಲ್ಲ.

ಡಾಕ್ಟರ್ ಶ್ರೀವಿದ್ಯಾ ಅಂದೇ ಜೀಪು ಮಾಡಿಕೊಂಡು ಬಂದರು. ಗಾಯ ತೊಳೆದು ಮುಲಾಮು ಹಚ್ಚಿದರು. ದಿನಕಳೆದಂತೆ ತೋಳು ವಾಸಿಯಾಯಿತು. ಆದರೆ ಕಾಗದದ ಮೇಲೆ ಅದು ಲಸಿಕೆಯ ತೀವ್ರ ಅಡ್ಡಪರಿಣಾಮವೆಂದೇ ದಾಖಲಾಯಿತು. ಏನೂ ಹಚ್ಚಿಲ್ಲ ಎಂದ ಮೇಲೆ ಬೇರೆ ಏನೆಂದು ಬರೆಯಬೇಕು?

"ಕಾರಣ ಗೊತ್ತಾಗೋ ತನಕ ಈ ಹುಡುಗಿಗೆ ಎರಡನೇ ಸೂಜಿ ಕೊಡಲಿಕ್ಕೆ ಬರೋದಿಲ್ಲ, ಭಾಮಾ," ಎಂದರು ಡಾಕ್ಟರ್. "ಉಳಿದವರಿಗೂ ಕೊಡಬೇಕೋ ಬ್ಯಾಡೋ ಅಂತ ವಿಚಾರ ಮಾಡಬೇಕಾಗ್ತದ."

ಎರಡು ತಿಂಗಳು ತುಂಬಿ ಎರಡನೇ ಸೂಜಿಯ ದಿನ ಹತ್ತಿರ ಬಂತು. ಪಟ್ಟಿಯಲ್ಲಿ ಜಗದೇವಿಯ ಹೆಸರಿಲ್ಲ ಎಂದು ತಿಳಿಸಲು ನಾನೇ ಐನಾಪುರಕ್ಕೆ ಹೋದೆ. ಚಂದಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ಮಾತು ಮುಗಿಯುವ ಮೊದಲೇ ಮೊರ ಕೆಳಗಿಟ್ಟಳು.

"ಹಂಗ್ಯಾಕ್ರಿ ಅಕ್ಕೋರ? ಹೇಳಿದ್ರ ಹೆಸರು ಹೊಡೀತೀನಿ ಅಂದ್ರಿ. ಅದಕ್ಕ ಹೇಳಲಿಲ್ಲ ನಾ. ಹೇಳದಿದ್ರೂ ಹೊಡದ್ರಲ್ರಿ! ಇನ್ನ ನಾ ಹೆಂಗ ಮಾಡಬೇಕಿತ್ತು?"

ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಬೈಯಲು ಬಾಯಿ ತೆರೆದಿದ್ದೆ, ಹಾಗೇ ಮುಚ್ಚಿದೆ. ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತೆ.

"ಏನ್ ಹಚ್ಚಿದ್ರಿ ಆಯಿ?" ಎಂದು ಮೆಲ್ಲಗೆ ಕೇಳಿದೆ.

ಅವಳು ಒಳಗೆ ಹೋಗಿ ಗೂಡಿನಿಂದ ಒಂದು ಬಟ್ಟೆಯ ಗಂಟು ತಂದಳು. ಒಳಗೆ ನಾಲ್ಕು ಕೇರಬೀಜ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಕಪ್ಪು ಬೀಜ. ಅದರ ಎಣ್ಣೆ ತಾಗಿದರೆ ಎಂಥ ಚರ್ಮವೂ ಸುಟ್ಟು ಬೊಬ್ಬೆ ಏಳುತ್ತದೆ. ಬಾವು ಬಂದರೆ ಅದನ್ನೇ ಕಾಯಿಸಿ ಇಡುವುದು ನಮ್ಮ ಕಡೆಯ ಹಳೆಯ ಮದ್ದು.

"ಎರಡನೇ ದಿನ ತೋಳು ಬಾತಿತ್ರಿ. ಹುಡುಗಿ ಆಯಿ ನೋಯ್ತದ ಅಂತು. ನಮ್ಮವ್ವ ಬಾವು ಬಂದ್ರ ಇದನ್ನೇ ಇಡ್ತಿದ್ಲು. ನನ್ನ ಕೈ ಸುಮ್ಮ ಕುಂದ್ರಲಿಲ್ರಿ, ಇಟ್ಟೆ. ಹೆಚ್ಚಾತು. ನಿಮಗ ಹೇಳಬ್ಯಾಡ ಅಂತ ಹುಡುಗಿ ಬಾಯಿನೂ ನಾನೇ ಕಟ್ಟಿದೆ." ಚಂದಮ್ಮ ಲಿಂಗ ಮುಟ್ಟಿದಳು. "ಇದು ಖರೇ ನೋಡ್ರಿ. ತಪ್ಪು ನಂದು. ಅಕೀ ಸೂಜಿ ತಪ್ಪಿಸಬ್ಯಾಡ್ರಿ. ಬೇಕಂದ್ರ ನನ್ನ ಹೆಸರು ಎಲ್ಲಿ ಅದನೋ ಅಲ್ಲಿ ಹೊಡೀರಿ."

ಆಗ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮುದುಕಿ ನನಗೆ ಹೆದರಿದ್ದಳು, ಸೂಜಿಗಲ್ಲ. ನನ್ನ ಬಾಯಿಯ ಸುಳ್ಳು ಒಂದು, ಅವಳ ಸುಳ್ಳು ಅದರ ಮರಿ.

"ಹೆಸರು ಹೊಡಿಯೋ ಕಾನೂನೇ ಇಲ್ಲ ಆಯಿ," ಎಂದೆ. "ನಾನೇ ಸುಳ್ಳ ಹೆದರಿಸಿದ್ದೆ. ನನಗ ಮಾಫ್ ಮಾಡ್ರಿ."

ಚಂದಮ್ಮ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವಳು ಸೆರಗಿನ ತುದಿಯಿಂದ ನನ್ನ ಕಣ್ಣೊರೆಸಿ, "ಅಳಬ್ಯಾಡ್ರಿ, ಚಹಾ ಮಾಡ್ತೀನಿ ಕುಂದ್ರಿ," ಎಂದಳು.

ಮರುದಿನ ಜಗದೇವಿಯನ್ನೂ ಕರೆದುಕೊಂಡು ಮೂವರೂ ಬಸ್ಸು ಹಿಡಿದು ಗುಲ್ಬರ್ಗಾಕ್ಕೆ ಹೋದೆವು. ಗಂಟು ಚಂದಮ್ಮನ ಕೈಯಲ್ಲಿ, ಹಳದಿ ಕಾರ್ಡು ನನ್ನ ಚೀಲದಲ್ಲಿ. ಡಾಕ್ಟರ್ ಮುಂದೆ ಕೇರಬೀಜದ ಕತೆಯನ್ನು ಬರೆದುಕೊಟ್ಟೆ. ಅದರ ಕೆಳಗೆ, ಕಾರ್ಯಕರ್ತೆ ಇಲ್ಲದ ನಿಯಮ ಹೇಳಿ ಹೆದರಿಸಿದ್ದರಿಂದ ಮನೆಯವರು ನಿಜ ಮುಚ್ಚಿಟ್ಟರು ಎಂದೂ ಬರೆದು ಸಹಿ ಮಾಡಿದೆ. ಡಾಕ್ಟರ್ ಎರಡು ಸಲ ಓದಿದರು. ಜಗದೇವಿಯ ತೋಳಿನ ಕಲೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬೀಜದ ಗುರುತು ಸಾಲಾಗಿ ಮೂರು ಕಡೆ ಸ್ಪಷ್ಟವಿತ್ತು.

"ಹದಿನೈದು ದಿನ ಬಿಟ್ಟು ಇನ್ನೊಂದು ತೋಳಿಗೆ ಕೊಡೋಣ," ಎಂದರು. ನನ್ನ ಕಡೆ ತಿರುಗಿ, "ಉಳಿದ ಮೂವತ್ತೊಂಬತ್ತೂ ಮನೆಗೆ ಹೋಗಿ ನಿನ್ನ ನಿಯಮ ವಾಪಸ್ ತಗೊಂಡು ಬಾ," ಎಂದರು. ಹೋದೆ. ಆರು ಮನೆಗಳಲ್ಲಿ ಸುಣ್ಣ ಹಚ್ಚಿದ್ದು ಹೊರಬಿತ್ತು, ಆರು ಕಾರ್ಡು ತಿದ್ದಿದೆವು.

ಎರಡನೆಯ ಸೂಜಿಯಾಗಿ ಏಳನೆಯ ದಿನ ಜಗದೇವಿ ಕಾರ್ಡು ತಂದು ಕೊಟ್ಟಳು. ಜ್ವರ ಒಂದು ದಿನ. ಬಾವು ಎರಡು ದಿನ. ನೋವು ಮೂರು ದಿನ, ಆಮೇಲೆ "ಇಲ್ಲ". ಕೊನೆಯ ಪ್ರಶ್ನೆಯ ಮುಂದೆ ಮಾತ್ರ ಏಳೂ ದಿನ ಒಂದೇ ಉತ್ತರ: "ಆಯಿ ಊದಿದಳು."

"ನೋವು ಹೋದ ಮ್ಯಾಲೂ ಯಾಕ ಊದಿದ್ರಿ ಆಯಿ?" ಎಂದು ನಗುತ್ತ ಕೇಳಿದೆ.

ಚಂದಮ್ಮ ಮೊಮ್ಮಗಳ ತೋಳಿನ ಮೇಲೆ ಕೈಯಾಡಿಸಿದಳು.

"ಉಮಾದೇವಿಗೆ ಬ್ಯಾನಿ ಒಳಗಿತ್ರಿ. ಊದಬೇಕಂದ್ರೂ ನನಗ ಜಾಗಾ ಸಿಗಲಿಲ್ಲ."

ನಾನು ಕಾರ್ಡು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವನ್ನೂ ಹೊಡೆದು ಹಾಕಲಿಲ್ಲ.